ಖಮೀಸಿನಲ್ಲಿ ನನ್ನ ಮರೆವಿಗೊಂದು ಹೆಸರು

ನಾನು ಸೌದಿಗೆ ಬಂದಿಳಿದ ಸಂಜೆ ಆಲಿಕಲ್ಲು ಬೀಳುತ್ತಿತ್ತು. ಸೌದಿ ಎಂದರೆ ಬಿಸಿಲು, ಮರಳು, ಒಂಟೆ ಎಂದು ನಂಬಿ ಉಪ್ಪಿನಂಗಡಿಯಿಂದ ತೆಳು ಹತ್ತಿಬಟ್ಟೆಗಳನ್ನೇ ತುಂಬಿಕೊಂಡು ಬಂದವಳು, ಖಮೀಸ್ ಮುಶೈತಿನ ದಾರಿಯಲ್ಲಿ ಗಂಡನ ಜಾಕೆಟ್ ಹೊದ್ದು ಹಲ್ಲು ಕಟಕಟಿಸುತ್ತಿದ್ದೆ. ಕಾರಿನ ಗಾಜಿನ ಮೇಲೆ ಟಪಟಪ ಸದ್ದು.

"ನಿಜವಾಗಿ ಇದು ಸೌದಿಯಾ?" ಎಂದು ಕೇಳಿದೆ.

"ಹೌದು ಮಾರಾಯ್ತಿ. ಇದು ಗುಡ್ಡದ ಮೇಲಿನ ಊರು. ಚಳಿಗೆ ಹೀಟರ್ ಬೇಕಾಗ್ತದೆ," ಎಂದರು ನನ್ನವರು. ಅವರಿಗೆ ಅಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಮದುವೆಯಾದ ಮೇಲೆ ಎರಡು ವರ್ಷ ಫೋನಿನಲ್ಲೇ ಸಂಸಾರ ಮಾಡಿ, ಕೊನೆಗೂ ನನ್ನನ್ನು ಕರೆಸಿಕೊಂಡಿದ್ದರು.

ಚಳಿಗೆ ಬೇಗ ಒಗ್ಗಿಕೊಂಡೆ. ಒಗ್ಗದೆ ಉಳಿದದ್ದು ಮನೆಯ ಮೌನ. ಊರಿನ ಮನೆಯಲ್ಲಿ ಉಮ್ಮ, ಬಾಪ, ಅಣ್ಣ, ಅತ್ತಿಗೆ ಎಲ್ಲ ಸೇರಿ ನಾವು ಎಂಟು ಜನ. ನಾನು ಒಲೆ ಮೇಲೆ ಹಾಲಿಟ್ಟು ಮರೆತರೆ ಅತ್ತಿಗೆ ಇಳಿಸುತ್ತಿದ್ದಳು. ಬಸ್ ಪಾಸ್ ಮರೆತರೆ ಅಣ್ಣ ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ. "ನಿನ್ನ ತಲೆ ಎಲ್ಲಿಟ್ಟು ಬಂದಿದ್ದಿ?" ಎಂದು ಉಮ್ಮ ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು, ಬೈಯುತ್ತಲೇ ನನ್ನ ಚೀಲವನ್ನು ಇನ್ನೊಮ್ಮೆ ತೆರೆದು ನೋಡುತ್ತಿದ್ದರು. ಖಮೀಸಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳಗ್ಗೆ ಏಳರಿಂದ ನಾನೊಬ್ಬಳೇ. ಮೊದಲ ತಿಂಗಳಲ್ಲೇ ಮೂರು ಪಾತ್ರೆ ಸುಟ್ಟೆ. ಊರಿನಲ್ಲಿ ನನ್ನ ಪಾಲಿನ ನೆನಪನ್ನು ಏಳು ಜನ ಹಂಚಿಕೊಂಡಿದ್ದರು ಎಂಬುದು ತಲೆಗೆ ಹೊಕ್ಕಿದ್ದು ಇಲ್ಲಿಗೆ ಬಂದ ಮೇಲೆ.

ಹೆಂಗಸರಿಗೆ ಇನ್ನೂ ಕಾರು ಓಡಿಸುವ ಅನುಮತಿ ಇಲ್ಲದ ಕಾಲ ಅದು. ಮನೆಯಲ್ಲೇ ಕೂತರೆ ಹುಚ್ಚು ಹಿಡಿದೀತು ಎಂದು, ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ಯುವ ಒಂದು ಖಾಸಗಿ ನರ್ಸಿಂಗ್ ಕಾಲೇಜಿಗೆ ಸೇರಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದು ಉಪಯೋಗಕ್ಕೆ ಬಂತು. ಪಾಠ ಇಂಗ್ಲಿಷಿನಲ್ಲಿ, ಜಗಳ ಅರಬಿಯಲ್ಲಿ. ಒಂದೇ ಪುಟವನ್ನು ಐದು ಸಲ ಓದಿದರೂ ಆರನೆಯ ಸಲ ಅದು ಹೊಸ ಪುಟ. ಆದರೆ ಯಾರಿಗಾದರೂ ಬ್ಯಾಂಡೇಜ್ ಕಟ್ಟು ಎಂದರೆ ನನ್ನ ಕೈ ತರಗತಿಯಲ್ಲೇ ಎಲ್ಲರಿಗಿಂತ ಚುರುಕು. ಆ ಬಲದ ಮೇಲೆ ಎರಡು ವರ್ಷ ಹೇಗೋ ತೇಲಿದೆ.

ಮೂರನೆಯ ವರ್ಷ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಾತ್ರೆ ಕೊಡುವ ಸರದಿ ಬಂತು. ವಿದ್ಯಾರ್ಥಿನಿಯ ಜೊತೆ ಹಿರಿಯ ನರ್ಸ್ ಒಬ್ಬಳು ಇರಬೇಕು. ಆ ದಿನ ಅವಳನ್ನು ಪಕ್ಕದ ಕೋಣೆಗೆ ಕರೆದರು. ನಾನು ಕಾಯಬೇಕಿತ್ತು, ಕಾಯಲಿಲ್ಲ. ಅಲ್ಲಿನದೇ ಗುಡ್ಡಸೀಮೆಯ, ವಯಸ್ಸಾದ ಅಸೀರಿ ಹೆಂಗಸೊಬ್ಬರಿಗೆ ಎದೆಬಡಿತ ಇಳಿಸುವ ಮಾತ್ರೆ ಕೊಟ್ಟೆ. ಇನ್ನೇನು ಚಾರ್ಟಿಗೆ ಸಹಿ ಹಾಕಬೇಕು, ಅಷ್ಟರಲ್ಲಿ ಅವರ ಮಗಳು ಗಹ್ವಾ ಕೊಟ್ಟಳು. ಗಹ್ವಾ ಎಂದರೆ ಏಲಕ್ಕಿ ಹಾಕಿದ ತಿಳಿ ಕಾಫಿ. ರೋಗಿಯ ಮಂಚದ ಪಕ್ಕದಲ್ಲೂ ಅದರ ಫ್ಲಾಸ್ಕು, ಖರ್ಜೂರ ಇದ್ದೇ ಇರುತ್ತದೆ. ಸಾಕು ಎನ್ನಬೇಕಾದರೆ ಖಾಲಿ ಲೋಟವನ್ನು ಎಡಬಲ ಅಲ್ಲಾಡಿಸಿ ಕೊಡಬೇಕು. ನಮ್ಮ ಕಡೆಯ ಹಾಗೆ ನಾನು "ಸಾಕು, ಸಾಕು" ಎಂದು ಬಾಯಲ್ಲಿ ಹೇಳುತ್ತ ಲೋಟ ಚಾಚಿದೆ, ಅವಳು ಸುರಿದಳು. ಮೂರು ಸಲ ಹೀಗಾಯಿತು. ಕೊನೆಗೆ ಅವಳ ಮಕ್ಕಳ ಸುದ್ದಿ ಕೇಳಿ ನಗುತ್ತ ಎದ್ದು ಹೋದೆ. ಚಾರ್ಟು ಖಾಲಿಯಾಗಿಯೇ ಉಳಿಯಿತು.

ಹಿರಿಯ ನರ್ಸ್ ಮರಳಿ ಬಂದು, ಸಹಿ ಇಲ್ಲದ್ದು ನೋಡಿ, ಅದೇ ಮಾತ್ರೆಯನ್ನು ಮತ್ತೊಮ್ಮೆ ಕೊಡಲು ಕೈಗೆ ತೆಗೆದುಕೊಂಡಿದ್ದಳಂತೆ. "ಖಲಾಸ್, ಆ ಇಂಡಿಯಾದ ಹುಡುಗಿ ಕೊಟ್ಟಾಯಿತು," ಎಂದು ತಡೆದವಳು ನನಗೆ ಗಹ್ವಾ ಕೊಟ್ಟ ಮಗಳೇ. ಅವಳು ಆಗ ಶೌಚಕ್ಕೆ ಹೋಗಿದ್ದರೆ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕಾಲೇಜಿನ ನಮ್ಮ ಮೇಡಂ ಸುಡಾನಿನವರು, ದನಿ ಏರಿಸದ ಹೆಂಗಸು. ಬಾಗಿಲು ಹಾಕಿ ಕೂರಿಸಿದರು.

"ನೀನು ಸೋಮಾರಿಯಲ್ಲ. ಎರಡು ವರ್ಷದಿಂದ ನೋಡುತ್ತಿದ್ದೇನೆ," ಎಂದರು. "ಆದರೆ ಹೀಗೇ ಆದರೆ ನಿನ್ನನ್ನು ವಾರ್ಡಿಗೆ ಬಿಡಲಾರೆ. ಡಾಕ್ಟರಿಗೆ ತೋರಿಸಿ ಅವರ ಪತ್ರ ತಾ. ಆಮೇಲೆ ಮಾತಾಡೋಣ."

ಮನೋವೈದ್ಯೆ ಈಜಿಪ್ಟಿನವರು. ಒಂದು ಗಂಟೆ ಪ್ರಶ್ನೆ ಕೇಳಿ, ಗಮನದ ಕೊರತೆ ಎಂಬ ತೊಂದರೆ ಇದ್ದಂತಿದೆ ಎಂದರು. ಅದು ಚಿಕ್ಕಂದಿನಿಂದಲೇ ಇದ್ದಿರಬೇಕು, ಸಾಕಿದವರ ಬಾಯಲ್ಲೇ ಕೇಳಬೇಕು ಎಂದಾಗ ಅಲ್ಲಿಂದಲೇ ಉಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಉಮ್ಮನಿಗೆ ನಮ್ಮ ಬ್ಯಾರಿ ಭಾಷೆ ಬಿಟ್ಟರೆ ಅಷ್ಟಿಷ್ಟು ತುಳು. ನಾನೇ ದುಭಾಷಿ. ಪರದೆಯಲ್ಲಿ ಉಮ್ಮನಿಗೆ ಮೊದಲು ಕಂಡದ್ದು ಡಾಕ್ಟರಲ್ಲ, ನನ್ನ ಪಕ್ಕ ಕೂತಿದ್ದ ಅಳಿಯ. ತಲೆಯ ಮೇಲಿನ ಶಾಲು ಸರಿಮಾಡಿಕೊಂಡರು.

"ನನ್ನ ಮಗಳಾ? ಒಂದು ದಿವಸ ಒಂದು ವಸ್ತು ಮರೆತವಳಲ್ಲ," ಎಂದು ಶುರು ಮಾಡಿದರು. "ಶಾಲೆಯಲ್ಲಿ ಟೀಚರ್‌ಗಳೆಲ್ಲ ಹೊಗಳುವುದೇ. ಮನೆಕೆಲಸ ಎಲ್ಲ ಅಚ್ಚುಕಟ್ಟು. ಅಳಿಯ ಎಂತಾದರೂ ದೂರು ಹೇಳಿದ್ರಾ?"

ಮದುವೆಯಾದ ಮಗಳ ಬಗ್ಗೆ ಅಳಿಯನ ಎದುರು ಯಾವ ತಾಯಿಯಾದರೂ ಆಡುವ ಮಾತು ಅದು. ಮಗಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಉಮ್ಮ ನನ್ನ ಓದಿನ ದಾರಿಯನ್ನೇ ಮುಚ್ಚುತ್ತಿದ್ದರು. ಡಾಕ್ಟರ್ ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ದಿನಾ ಏನಾದರೊಂದು ಮರೆಯುತ್ತಿದ್ದಳಂತೆ," ಎಂದೆ. "ಚೀಲ ಎರಡೆರಡು ಸಲ ನೋಡಬೇಕಿತ್ತಂತೆ. ಒಂದು ಕಡೆ ಕೂರುತ್ತಿರಲಿಲ್ಲವಂತೆ."

ಅಲ್ಲಿ ಬ್ಯಾರಿ ಬಲ್ಲವರು ಇನ್ನೊಬ್ಬರಿದ್ದರು. ನನ್ನವರು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ, "ಹೌದು ಡಾಕ್ಟರ್, ಮಾಮಿ ಹೇಳಿದ್ದು ಅದೇ," ಎಂದರು. ಅವರ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಮರುವಾರ ಅಣ್ಣ ನನ್ನ ಹಳೆಯ ಅಂಕಪಟ್ಟಿಗಳ ಫೋಟೊ ಕಳಿಸಿದ. ಪ್ರತಿ ವರ್ಷವೂ ಟೀಚರರ ಅಕ್ಷರದಲ್ಲಿ ಒಂದೇ ಸಾಲು: ಬುದ್ಧಿವಂತೆ, ಗಮನ ಸಾಲದು. ಅದನ್ನು ನೋಡಿದ ಮೇಲೆ ನನ್ನ ಸುಳ್ಳಿನ ಭಾರ ಸ್ವಲ್ಪ ಇಳಿಯಿತು.

ನನಗೂ ಮಾತ್ರೆ ಶುರುವಾಯಿತು. ತಲೆಯೊಳಗಿನ ಸಂತೆ ಪೂರ್ತಿ ನಿಲ್ಲಲಿಲ್ಲ, ಗದ್ದಲ ಕಡಿಮೆಯಾಯಿತು. ಡಾಕ್ಟರರ ಪತ್ರ ನೋಡಿ ಮೇಡಂ ಮತ್ತೆ ವಾರ್ಡಿಗೆ ಬಿಟ್ಟರು, ಒಂದು ತಿಂಗಳು ನನ್ನ ಬೆನ್ನ ಹಿಂದೆಯೇ ನಿಂತರು. ಸಹಿ ಹಾಕದೆ ಮಂಚ ಬಿಟ್ಟು ಕದಲುವಂತಿಲ್ಲ, ಗಹ್ವಾ ಏನಿದ್ದರೂ ಎಲ್ಲ ಮುಗಿದ ಮೇಲೆ. ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡು ಎಂದರು. ಇಂಗ್ಲಿಷಿನಲ್ಲಿ ನಾಲಗೆ ತೊಡರುತ್ತಿತ್ತು, ಹಾಗಾಗಿ ಬ್ಯಾರಿಯಲ್ಲೇ ಗುನುಗುತ್ತಿದ್ದೆ: ಹೆಸರು ನೋಡಿದೆ, ಮದ್ದು ನೋಡಿದೆ, ಕೊಟ್ಟೆ, ಬರೆದೆ. ಮುದುಕಿಯರು ನಾನು ದುಆ ಓದುತ್ತಿದ್ದೇನೆಂದು ತಿಳಿದು ಕೊನೆಗೆ "ಆಮೀನ್" ಎನ್ನುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಪರೀಕ್ಷೆಯಲ್ಲಿ ಒಂದು ವಿಷಯ ಎರಡು ಸಲ ಬರೆದು ಪಾಸಾದೆ, ಅದೇ ವಾರ್ಡಿನಲ್ಲಿ ಕೆಲಸ ಸಿಕ್ಕಿತು. ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಬೇಕಾದ ಗುರುತುಚೀಟಿಯಲ್ಲಿ, ಹೆಂಡತಿ ಎಂದಿದ್ದ ಜಾಗದಲ್ಲಿ ನರ್ಸ್ ಎಂದು ಬಂತು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಉಮ್ಮ ಬಂದವರಿಗೆಲ್ಲ ಅದನ್ನೇ ಹೇಳಿದರು. "ದೊಡ್ಡ ಆಸ್ಪತ್ರೆ. ಇವಳಿಲ್ಲದಿದ್ದರೆ ಅಲ್ಲಿ ಆಗುವುದಿಲ್ಲ." ನನ್ನ ತೊಂದರೆಯ ಹೆಸರು ಉಮ್ಮನಿಗೆ ಮೂರು ಸಲ ಹೇಳಿದ್ದೇನೆ. ನಮ್ಮ ಬ್ಯಾರಿಯಲ್ಲಿ ಅದಕ್ಕೆ ಪದವಿಲ್ಲ, ಉಮ್ಮನಿಗೆ ಬೇಕಾಗಿಯೂ ಇಲ್ಲ.

ಬಾಪನಿಗೆ ಈಗ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು. ಬಂದ ದಿನವೇ ಸಂಜೆ ಕೈ ತೊಳೆದು, ಇನ್ಸುಲಿನ್ ತೆಗೆಯಲು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದೆ.

"ನೀನು ಬೇಡ ಮಗಳೇ, ಕೂತ್ಕೊ," ಎಂದರು ಉಮ್ಮ, ಮೆತ್ತಗೆ. "ಅಣ್ಣ ಈಗ ಬರ್ತಾನೆ. ನಿನಗೆ ಎಲ್ಲಿಯಾದರೂ ಮರೆತುಹೋದರೆ."

ದಿನಕ್ಕೆ ಹತ್ತು ಜನರಿಗೆ ಚುಚ್ಚುವವಳು ನಾನು. ಹೇಳಬಹುದಿತ್ತು. ಬಾಪನ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರಿಗೂ ನನ್ನ ಕೈ ಮೇಲೆ ನಂಬಿಕೆಯಿಲ್ಲ ಎಂದು ನೋವಾಯಿತು. ಆದರೆ ಅದರ ಬೆನ್ನಿಗೇ ನಾಚಿಕೆಯಾಗುವಂಥ ಒಂದು ನಿರಾಳವೂ ಬಂತು: ಈ ಮನೆಯಲ್ಲಿ ನಾನು ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಖಮೀಸಿನಲ್ಲಿ ನನ್ನ ಊರಿನ ಹೆಸರೂ ಗೊತ್ತಿಲ್ಲದವರು ಸೂಜಿ ಚುಚ್ಚಿಸಿಕೊಳ್ಳಲು ನನ್ನ ಮುಂದೆ ತೋಳು ಚಾಚುತ್ತಾರೆ. ಫ್ರಿಜ್ಜಿನ ಬಾಗಿಲು ಮುಚ್ಚಿ, ಬಾಪನ ಪಕ್ಕ ಕೂತು, ನಾನೂ ಅಣ್ಣನ ದಾರಿ ಕಾದೆ.