ಗೇಟಿನ ಹ್ಯಾಂಡಲ್ ಇದ್ದ ಮನೆ

ಮಂಗಳವಾರ, ಬೆಳಿಗ್ಗೆ ಆರು ಗಂಟೆ. ಜಾಗ, ಜವಳಗೇರಾ ಸಮೀಪದ ಉಪಕಾಲುವೆಯ ಗೇಟು. ಹಾಜರಿದ್ದವರು ಮೂವರು: ಕಾಲುವೆ ಕಚೇರಿಯ ವರ್ಕ್ ಇನ್ಸ್‌ಪೆಕ್ಟರ್ ಆದ ನಾನು, ಜೀಪಿನ ಡ್ರೈವರ್, ಮತ್ತು ಆ ಗೇಟು ಕಾಯುವ ಹಂಗಾಮಿ ಗ್ಯಾಂಗ್‌ಮನ್. ಗೇಟಿನ ಮೇಲೆ ಕುಳಿತಿದ್ದ ಮೇಲ್ಭಾಗದ ರೈತರನ್ನು ನಾನು ಹಾಜರಿಗೆ ಹಿಡಿಯುವುದಿಲ್ಲ. ಅವರು ರಾತ್ರಿಯೇ ಬಂದು ಬಡಿಗೆ, ಸಲಿಕೆ ಹಿಡಿದು ಕುಳಿತಿದ್ದರು.

ಕೆಲಸ ಸರಳವಾದದ್ದು. ಆರಕ್ಕೆ ಗೇಟು ಇಳಿಸಿ ಮೇಲ್ಭಾಗದವರ ಉಪಕಾಲುವೆ ಮುಚ್ಚಬೇಕು, ನೀರು ಮುಖ್ಯ ಕಾಲುವೆಯಲ್ಲಿ ಮುಂದೆ ಹರಿದು ಕೊನೆಭಾಗದ ಹೊಲಗಳಿಗೆ ಹೋಗಬೇಕು. ಗೇಟು ಏರುವುದೂ ಇಳಿಯುವುದೂ ಒಂದು ತಿರುಪಿನ ಮೇಲೆ. ತಿರುಪು ತಿರುಗಬೇಕಾದರೆ ತೋಳುದ್ದದ ಕಬ್ಬಿಣದ ಹ್ಯಾಂಡಲ್ ಬೇಕು. ಅದನ್ನು ಗೇಟಿನ ಹತ್ತಿರ ಬಿಟ್ಟರೆ ಯಾರು ಬೇಕಾದರೂ ತಿರುಗಿಸಿಬಿಡುತ್ತಾರೆ. ಹಾಗಾಗಿ ಗ್ಯಾಂಗ್‌ಮನ್ ಅದನ್ನು ಮನೆಗೆ ಒಯ್ಯಬೇಕು ಎಂಬುದು ಕಚೇರಿಯ ಪದ್ಧತಿ.

ಹ್ಯಾಂಡಲ್ ಮನೆಗೆ ಹೋದರೆ ಜನವೂ ಅದರ ಹಿಂದೆ ಹೋಗುತ್ತಾರೆ. ಮೇಲ್ಭಾಗದವರು ಎತ್ತು ಎಂದು ಬಾಗಿಲು ಒದೆಯುತ್ತಿದ್ದರು, ಕೊನೆಭಾಗದವರು ಇಳಿಸು ಎಂದು ಕಲ್ಲು ತೂರುತ್ತಿದ್ದರು, ಕಚೇರಿಯಿಂದ ಗೇಜ್ ಎಷ್ಟು, ನೀರಿನ ಮಟ್ಟ ಎಷ್ಟು ಎಂದು ಫೋನ್ ಬರುತ್ತಿತ್ತು. ಹ್ಯಾಂಡಲ್ ಗ್ಯಾಂಗ್‌ಮನ್‌ನ ಮಂಚದ ಕೆಳಗಿದ್ದರೂ ತನ್ನ ಇಚ್ಛೆಯಿಂದ ಅದನ್ನು ಒಂದು ಸುತ್ತು ತಿರುಗಿಸುವ ಅಧಿಕಾರ ಇವನಿಗಿರಲಿಲ್ಲ. ಹಿಂದಿನ ವಾರ ಕಸ ಗುಡಿಸುವಾಗ ಹೆಂಡತಿ ಅದನ್ನು ಸರಿಸಿ ಇಟ್ಟಿದ್ದಳು. ಅದು ಕಾಣದೆ ಹೋದದ್ದಕ್ಕೆ ಇವನು ಅವಳ ಕೈ ತಿರುವಿ ಗೋಡೆಗೆ ಅಪ್ಪಳಿಸಿದ. ಅವಳು ಮಕ್ಕಳನ್ನು ಕರೆದುಕೊಂಡು ಲಿಂಗಸುಗೂರಿನ ತವರಿಗೆ ಹೋದಳು. "ಕಾಕಾರ, ನನ್ನ ಕೈ ನನ್ನ ಮಾತಾ ಕೇಳವಲ್ದು," ಎಂದು ನನ್ನೆದುರು ಅತ್ತಿದ್ದ. ಅದುವರೆಗೆ ಯಾರ ಮೇಲೂ ದನಿ ಎತ್ತದ ಮನುಷ್ಯ ಅವನು.

ಆ ಮಂಗಳವಾರ ಅವನು ತಿರುಪಿಗೆ ಹ್ಯಾಂಡಲ್ ತೊಡಿಸುತ್ತಿದ್ದಂತೆ ಮೇಲ್ಭಾಗದವನೊಬ್ಬ ಎದ್ದು ಅವನ ಕಿವಿಯ ಮೇಲೆ ಬಾರಿಸಿದ.

"ಮುಟ್ಟಿದ್ರ ಕೈ ಮುರಿತೀನಿ ಲೇ! ನಾಟಿ ಹಚ್ಚೀವಿ, ನೆಲಾ ಬಿರಿಯಾಕತ್ತೈತಿ. ಕಣ್ಣ ಹೋಗ್ಯಾವೇನು?"

"ಮ್ಯಾಲಿಂದ ಆರ್ಡರ್ ಐತ್ರೀ, ಅಣ್ಣಾರ."

"ಆರ್ಡರ್ ಕೊಟ್ಟಾವನ್ನ ಕರಕೊಂಡ ಬಾ, ಅವಗೂ ಎರಡ ಇಡ್ತೀವಿ!"

ನಾನು ನಡುವೆ ನುಗ್ಗಿದೆ. ನನ್ನ ಎದೆಗೆ ಸಲಿಕೆಯ ಹಿಡಿ ಬಿತ್ತು. ಡ್ರೈವರ್ ಪೊಲೀಸರನ್ನು ಕರೆತರಲು ಜೀಪು ತಿರುಗಿಸಿದ. ಅಷ್ಟರಲ್ಲಿ ಕೊನೆಭಾಗದವರ ಟ್ರ್ಯಾಕ್ಟರ್ ಬಂತು. ನಮಗೆ ಜನಬಲ ಬಂತು ಅಂದುಕೊಂಡೆ. ಅವರೂ ನೇರ ಗ್ಯಾಂಗ್‌ಮನ್ ಮೇಲೆಯೇ ಬಿದ್ದರು.

"ಹೊತ್ತ ಹುಟ್ಟಿದ್ರೂ ಇಳಿಸಿಲ್ಲ! ಮ್ಯಾಲಿನವರ ಮನ್ಯಾಗ ಉಂಡು ಬಂದೀಯೇನಲೇ?"

ಬಡಿಗೆಯ ಏಟಿಗೆ ಅವನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಆಮೇಲೆ ಎರಡು ಕಡೆಯವರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಮೊದಲು ಏಟು ಹಾಕಿದ್ದವನು ಜಾರಿ ಗ್ಯಾಂಗ್‌ಮನ್ ಕಾಲ ಬಳಿಯೇ ಬಿದ್ದ. ಅದೇ ಹೊತ್ತಿಗೆ ಗ್ಯಾಂಗ್‌ಮನ್‌ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ಇವನು ತಿರುಪಿನಿಂದ ಹ್ಯಾಂಡಲ್ ಕಿತ್ತ. ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ. ಬಿದ್ದವನು ಕೈ ಅಡ್ಡ ಹಿಡಿದ. ಕಬ್ಬಿಣ ಇಳಿದಿದ್ದರೆ ಆ ಕೈಯೂ ಉಳಿಯುತ್ತಿರಲಿಲ್ಲ, ತಲೆಯೂ ಉಳಿಯುತ್ತಿರಲಿಲ್ಲ. ನಾನು ಕೂಗಿದೆ, ನನ್ನ ಕೂಗು ಅವನಿಗೆ ಕೇಳಿಸಿತೋ ಇಲ್ಲವೋ. ಅವನು ತನ್ನ ತೋಳುಗಳನ್ನು ಒಮ್ಮೆ ನೋಡಿಕೊಂಡ, ಮೈಯೆಲ್ಲ ತಿರುಗಿಸಿ ಹ್ಯಾಂಡಲನ್ನು ಕಾಲುವೆಗೆ ಒಗೆದ.

ಎಲ್ಲರ ಕೈಗಳೂ ನಿಂತವು. ಗೇಟು ರಾತ್ರಿಯಿಂದ ಅರ್ಧಕ್ಕೇ ಎತ್ತಿತ್ತು. ಇನ್ನು ಏರಿಸುವ ಹಾಗೂ ಇಲ್ಲ, ಇಳಿಸುವ ಹಾಗೂ ಇಲ್ಲ.

"ಏ ಹುಚ್ಚಾ, ಏನ್ ಮಾಡಿದಿಲೇ!"

ಬಡಿಗೆ ಎಸೆದು ಎರಡೂ ಕಡೆಯವರು ಎದೆಮಟ್ಟದ ನೀರಿಗೆ ಇಳಿದರು. ಮುಳುಗುವುದು, ಏಳುವುದು, ಬೈಯುವುದು.

"ಸಿಕ್ತೇನೋ?"

"ನಿಮ್ಮಪ್ಪನ ಚಪ್ಲಿ ಸಿಕ್ಕೈತಿ, ಬೇಕೇನು?"

ಕೊನೆಗೆ ಕೊನೆಭಾಗದವನೊಬ್ಬನ ಕಾಲಿಗೆ ತಗಲಿತು. ಅವನು ಮೇಲೆತ್ತಿದ್ದೇ ತಡ, ನೀರಿನಲ್ಲೇ ಮತ್ತೆ ಕಿತ್ತಾಟ. ಒಬ್ಬನ ಮೂಗು ಒಡೆದು ಕೆಂಪು ನೀರು ಹರಿಯಿತು. ಪೊಲೀಸರು ಬಂದು ಲಾಠಿ ಬೀಸಿದ ಮೇಲೆ ಹ್ಯಾಂಡಲ್ ನನ್ನ ಕೈಗೆ ಬಂತು. ಗ್ಯಾಂಗ್‌ಮನ್ ಮುಂದೆ ಹಿಡಿದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ನಾನೇ ತಿರುಗಿಸಿ ಗೇಟು ಇಳಿಸಿದೆ. ಹಿಂದಿನಿಂದ ಬಂದ ಮಣ್ಣಿನ ಹೆಂಟೆಯೊಂದು ನನ್ನ ಬೆನ್ನಿನ ಮೇಲೆ ಒಡೆದು ಪುಡಿಯಾಯಿತು.

ಸಿಂಧನೂರಿನ ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ರಕ್ತದೊತ್ತಡ ನೋಡಿದ ಡಾಕ್ಟರಮ್ಮ ಇನ್ನೊಮ್ಮೆ ನೋಡಿದರು. "ಚೊಲೋ ನಿದ್ದಿ ಮಾಡಿ ಎಷ್ಟ ದಿನಾತು?"

"ಹ್ಯಾಂಡಲ್ ಮನಿಗೆ ಬಂದಾಗಿಂದ ಇಲ್ರೀ," ಎಂದ. ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ.

ಅಲ್ಲಿಗೇ ನನಗೆ ಎಂಜಿನಿಯರರ ಫೋನ್ ಬಂತು. "ಹ್ಯಾಂಡಲ್ ನೀರಾಗ ಒಗದಾನಂತಲ್ರೀ? ನಾಳಿಂದ ಅವನ್ನ ಬ್ಯಾಡ ಅನ್ರೀ."

ಹಂಗಾಮಿ ನೌಕರನ ಕೆಲಸ ಹೋಗಲು ಇಷ್ಟು ಮಾತು ಸಾಕು. ನಾನು ಹೊರಗೆ ಬಂದು ನಿಂತು ಹೇಳಿದೆ: "ಹೌದ್ರೀ ಸಾಹೇಬ್ರ, ಒಗದಾನ. ಒಗೀಲಿಲ್ಲಂದ್ರ ಹೆಣಾ ಬೀಳ್ತಿತ್ತು, ನೀವೂ ನಾನೂ ಈಗ ಠಾಣೆದಾಗಿರ್ತಿದ್ವಿ. ಅವನ್ನ ತಗದ್ರ ಇನ್ನೊಬ್ಬ ಬರ್ತಾನ, ಅವನ ಮನಿ ಬಾಗಲಾನೂ ಒಡೀತಾರ. ಹ್ಯಾಂಡಲ್ ಇನ್ನ ಕಚೇರ್ಯಾಗ ಇರ್ಲಿ. ಗೇಟಿಗೆ ನಾನಾ ಒಯ್ತೀನಿ, ನಾನಾ ತರ್ತೀನಿ."

ಎಂಜಿನಿಯರರು ಕೆಲಸದಿಂದ ತೆಗೆಯುವ ಮಾತು ಬಿಟ್ಟರು. "ಏನರ ಆದ್ರ ನಿಮ್ಮ ಮ್ಯಾಲ ಬರ್ತೈತಿ ನೋಡ್ರೀ."

"ಬರ್ಲಿ ಬಿಡ್ರೀ."

ಒಳಗೆ ಹೋಗಿ, ಹ್ಯಾಂಡಲ್ ಇನ್ನು ನನ್ನ ಹತ್ತಿರವೇ ಎಂದು ಹೇಳಿ, ಅವನಿಗೆ ನನ್ನ ಫೋನ್ ಕೊಟ್ಟೆ; ಅವನದು ಗಲಾಟೆಯಲ್ಲಿ ಒಡೆದಿತ್ತು. ಹೆಂಡತಿಗೆ ಹಚ್ಚಿದ. ಏಟು ಬಿದ್ದದ್ದನ್ನು ಹೇಳಲಿಲ್ಲ, ತಾನು ಏಟು ಹಾಕಿದ್ದಕ್ಕೆ ತಪ್ಪಾಯಿತೆಂದ, ಬರಲೇ ಎಂದು ಕೇಳಿದ. ಅವಳ ದನಿ ನನಗೂ ಕೇಳಿಸುತ್ತಿತ್ತು.

"ಅದನ್ನ ಸಂಗಾಟ ತರಾಕತ್ತೀಯೇನು?"

"ಇಲ್ಲ. ಕಾಕಾರ ಇಸಗೊಂಡಾರ."

"ಅವ್ವಗ ಕೇಳ್ತೀನಿ," ಎಂದಳು. ನಾವು ಕಾದೆವು. "ಬಾ. ಅಂಗಳದಾಗ ಮಲಗ್ಬೇಕಂತ ನೋಡು. ನನ್ನ ಮ್ಯಾಲ ಮತ್ತ ಕೈ ಎತ್ತಿದ್ರ ಅಣ್ಣ ಅದಾನ."

ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಬಸ್ಸಿಗೆ ಅವನನ್ನು ಹತ್ತಿಸಿದೆ. ಕಿಟಕಿಯ ಪಕ್ಕ ಕುಳಿತವನು ಬಸ್ಸು ಹೊರಡುವ ಮೊದಲೇ ಬಾಯಿ ತೆರೆದು ನಿದ್ದೆ ಹೋಗಿದ್ದ. ಲಿಂಗಸುಗೂರು ಬಂದಾಗ ಎಬ್ಬಿಸಬೇಕೆಂದು ಕಂಡಕ್ಟರ್‌ಗೆ ಹೇಳಿದೆ.

ಕಚೇರಿಗೆ ಬಂದು ಹ್ಯಾಂಡಲ್ ತೊಳೆದೆ. ತಿರುಪಿಗೆ ಕೂರುವ ತೂತಿನಲ್ಲಿ ಸಿಕ್ಕಿದ್ದ ಕೆಸರನ್ನು ಕಡ್ಡಿಯಿಂದ ತೆಗೆದು, ಒರೆಸಿ, ಎಣ್ಣೆ ಹಚ್ಚಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗವನ್ನು ಒಮ್ಮೆ ಜಗ್ಗಿ ನೋಡಿದೆ.