ರಂಗೋಲಿ ಎಂದು ಬರೆದ ಕ್ಯಾಸೆಟ್

ಕ್ಯಾಸೆಟ್ಟಿನ ಡಬ್ಬಿ ತೆರೆದ ಕೂಡಲೇ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ತರೀಕೆರೆಯ ನಮ್ಮ ನಡುಮನೆ, ಬಿಸಿಯೇರಿದ ಟೀವಿ, ಗಿರಿಜತ್ತೆಯ ಬಳೆಗಳ ಸದ್ದು ಎಲ್ಲವೂ ಬಂದವು. ಅತ್ತೆ ತೀರಿಕೊಂಡ ಮೇಲೆ ಅಜ್ಜಂಪುರದಿಂದ ಮಾವ ತಂದುಕೊಟ್ಟ ಕ್ಯಾಸೆಟ್ ಅದು. ಮೇಲೆ ಅವಳದೇ ದುಂಡು ಅಕ್ಷರ: ರಂಗೋಲಿ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಎಲ್ಲೋ ಇದ್ದೀತು.

ಅತ್ತೆ, ಎಂದರೆ ಅಪ್ಪನ ತಂಗಿ, ಮದುವೆಗೆ ಮುಂಚೆ ನಮ್ಮ ಜೊತೆಯಲ್ಲೇ ಇದ್ದಳು. ಎಂಬತ್ತರ ದಶಕದ ಕೊನೆ, ನಾನಾಗ ಹೈಸ್ಕೂಲು. ಲಕ್ಕವಳ್ಳಿ ಅಣೆಕಟ್ಟೆಯ ಆಫೀಸಿನಲ್ಲಿದ್ದ ಚಿಕ್ಕಪ್ಪ ಶೋಕಿಗೆಂದು ತರಿಸಿ, ಬೇಸರ ಬಂದು ನಮ್ಮಲ್ಲಿ ಬಿಟ್ಟುಹೋದ ಪುಟ್ಟ ಕಂಪ್ಯೂಟರ್ ಇತ್ತು. ಅದನ್ನು ಟೀವಿಗೆ ಸಿಕ್ಕಿಸಬೇಕು. ಬರೆದ ಪ್ರೋಗ್ರಾಂ ಉಳಿಯಬೇಕಾದರೆ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳಬೇಕು. ಯಾರಿಗೂ ಏನೂ ಉಪಯೋಗವಿರಲಿಲ್ಲ, ಅದಕ್ಕೇ ಅಷ್ಟು ಖುಷಿ. ಅತ್ತೆ ನೆಲದ ಮೇಲೆ ಚುಕ್ಕಿಯಿಟ್ಟು ಎಳೆ ಎಳೆದು ತೋರಿಸುವಳು, ಅದೇ ರಂಗೋಲಿ ಟೀವಿಯಲ್ಲಿ ಮೂಡಲೆಂದು ನಾನು ಲೆಕ್ಕ ಹಾಕಿ ಕೀಲಿ ಒತ್ತುವೆ. ಪರದೆಯ ಮೇಲೆ ಎಳೆ ಚುಕ್ಕಿ ಬಿಟ್ಟು ಮೂಲೆಗೆ ಓಡಿದರೆ ಅವಳು ಬಿದ್ದು ಬಿದ್ದು ನಗುವಳು. "ಲೇ, ನಿನ್ ರಂಗೋಲಿ ಪಕ್ಕದ್ಮನೆ ಅಂಗಳಕ್ಕೆ ಹೋಯ್ತು ಕಣೇ!" ಇಡೀ ಬೇಸಿಗೆ ರಜೆ ಕಳೆದ ಮೇಲೆ ಕೊನೆಗೂ ಒಂದು ಕಮಲ ಅರಳಿತು. ಹಾಳಾದೀತೆಂಬ ಭಯಕ್ಕೆ ಅದನ್ನೇ ಒಂದೇ ಕ್ಯಾಸೆಟ್ಟಿಗೆ ಒಂದರ ಹಿಂದೊಂದರಂತೆ ಹಲವು ಸಲ ತುಂಬಿಸಿದೆವು. ಅತ್ತೆ ಹೆಸರು ಬರೆದಳು.

ಆಮೇಲೆ ಅಜ್ಜಂಪುರದ ಸಂಬಂಧ ಬಂತು. ಹುಡುಗನ ತಾಯಿಗೆ ಕಾಲುನೋವು. ಹೆಣ್ಣು ನೋಡಲು ಬರಲಾರರು, ಹಾಡು ಕೇಳದೆ ಇರಲಾರರು. ಹಾಡು ತುಂಬಿಸಿ ಕಳಿಸೋಣವೆಂದು ಅಪ್ಪ ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ ನೋಡಿದರು. ಅದು ಕಿರ್ರೋ ಎಂದು ಅರಚಿತು. ಪ್ರೋಗ್ರಾಂ ಕಿವಿಗೆ ಹಾಗೆಯೇ ಕೇಳುತ್ತದೆಂದು ಅವರಿಗೇನು ಗೊತ್ತು? "ಟೇಪ್ ಕೆಟ್ಟೋಗೈತೆ. ಇದ್ರ ಮೇಲೇ ಹಾಡಮ್ಮ" ಅಂದರಂತೆ. ಅತ್ತೆಗೆ ಗೊತ್ತಿತ್ತು. ಮದುವೆಯ ಮಾತಿನ ನಡುವೆ ಅಣ್ಣನೆದುರು ಬಾಯಿ ಬರಲಿಲ್ಲ, ಹಾಡಿದಳು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಕ್ಯಾಸೆಟ್ ಅಜ್ಜಂಪುರದ ಬಸ್ಸು ಹತ್ತಿತ್ತು. ಅಳುತ್ತ ಕೂತವಳ ಜಡೆ ಹೆಣೆಯುತ್ತ ಅತ್ತೆ ಅಂದಳು: "ಇನ್ನೊಂದ್ಸಲ ಬರ್ಯಾಣ ಬಿಡೇ. ನಾನಿದೀನಲ್ಲ."

ಹಾಡು ಅವರಿಗೆ ಹಿಡಿಸಿತು. ಅತ್ತೆ ಮದುವೆಯಾಗಿ ಹೋದಳು. ಮುಂದಿನ ರಜೆಯಲ್ಲಿ ನಾನೊಬ್ಬಳೇ ಕೂತು ಮತ್ತೆ ಬರೆದೆ. ಕಮಲ ಮೊದಲ ಸಲಕ್ಕೇ ಸರಿಯಾಗಿ ಬಂತು. ನಗುವವರು ಯಾರೂ ಇರಲಿಲ್ಲ. ಸ್ವಿಚ್ ಆರಿಸಿ ಎದ್ದೆ. ಮುಂದೆ ಕಡೂರಿನಲ್ಲಿ ಬಹಳ ಕಾಲ ಕಂಪ್ಯೂಟರ್ ಪಾಠ ಹೇಳಿದೆ, ಸಂಬಳಕ್ಕಾಗಿ ಏನೇನೋ ಬರೆದೆ. ಆಟಕ್ಕೆಂದು ಮಾತ್ರ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಮನಸ್ಸೇ ಬರುತ್ತಿರಲಿಲ್ಲ. ನಡುಮನೆಯಿದ್ದ ಜಾಗದಲ್ಲಿ ಈಗ ಅಂಗಡಿ ಸಾಲು.

ಮಾವನನ್ನು ಕೂರಿಸಿಕೊಂಡು ಟೇಪ್ ಹಾಕಿದೆ. ಹರೆಯದ ಅತ್ತೆ ಹಾಡಿದಳು, ದನಿ ತುಸು ನಡುಗುತ್ತಿತ್ತು. ಹಾಡು ಮುಗಿಯಿತು. ಟೇಪಿನೊಳಗೆ ಅಪ್ಪ ಕೆಮ್ಮಿದರು. ಅಂದು ಅವರು ರೆಕಾರ್ಡರ್ ನಿಲ್ಲಿಸಿದ ಗುಂಡಿ ಟಕ್ ಎಂದಿತು. ಅದರ ಬೆನ್ನಿಗೇ ಕಿರ್ರೋ ಎಂದು ಹೊರಟಿತು, ಹಾಡು ಅಳಿಸದೆ ಉಳಿಸಿದ್ದ ನಮ್ಮ ರಂಗೋಲಿ.

"ಕೆಟ್ಟೋಗೈತೆ, ನಿಲ್ಸಮ್ಮ" ಎಂದರು ಮಾವ ಗಾಬರಿಯಾಗಿ.

ನಾನು ಟೇಪಿಗೆ ಕೈ ಅಡ್ಡ ಹಿಡಿದು, ಅದು ತಾನಾಗಿ ನಿಲ್ಲುವ ತನಕ ಕೇಳುತ್ತ ಕೂತೆ.