ಎರಡು ಪೊಟ್ಟಣದಲ್ಲೂ ಕೆಂಪು

ಎರಡು ಪೊಟ್ಟಣದಲ್ಲೂ ಕೆಂಪು ಹೂವನ್ನೇ ಕಟ್ಟಿದವನು ನಾನು. ರಂಗಕ್ಕಾ, ಇದನ್ನು ನಿಮಗೆ ಹೇಳಬೇಕಾಗಿತ್ತು – ಎಂಬತ್ತರ ದಶಕದಲ್ಲಿ ಪಳನಿಗೆ ನಡೆದು ಹೋದ ಆ ತೈ ತಿಂಗಳಲ್ಲೇ, ನಾನು ಕೂಗಿದರೆ ಕೇಳುವಷ್ಟು ದೂರದಲ್ಲಿ ನೀವಿದ್ದಾಗಲೇ.

ಆ ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸುನೂಲು ಚಾಚಿ ಗಂಜಿ ಹಚ್ಚುತ್ತಿದ್ದೆ. ಗಂಜಿ ಹಿಂದಿನ ದಿನದ್ದು, ಹುಳಿ ಬಂದಿತ್ತು. ಹೊಸದು ಕಾಯಿಸಲು ನನಗೆ ಸೋಮಾರಿತನ. ಮಗ್ಗಕ್ಕೇರಿಸಿದ ಮೇಲೆ ಎಳೆಎಳೆಯೂ ತುಂಡಾಯಿತು. ನೂಲು ಕೊಟ್ಟ ಯಜಮಾನರು ಕಾರಣ ಕೇಳಿದಾಗ, ನೀವು ಕೊಡ ಹೊತ್ತು ಹಾಸನ್ನು ದಾಟಿ ಹೋದದ್ದು ನೆನಪಾಯಿತು. ಗಂಡ ಸತ್ತವರು, ಮಕ್ಕಳಿಲ್ಲದವರು, ಸೊಪ್ಪು ಅರೆದು ಮದ್ದು ಕೊಡುವವರು. ರಂಗಕ್ಕ ದಾಟಿದರು ಎಂದೆ – ಅಷ್ಟೇ ಅಂದದ್ದು. ಉಳಿದದ್ದನ್ನು ಬೀದಿ ಸೇರಿಸಿತು: ಯಾರದೋ ಮಗುವಿನ ಜ್ವರ, ಯಾರದೋ ಹಸುವಿನ ಬತ್ತಿದ ಕೆಚ್ಚಲು. ವಾರದೊಳಗೆ ನೀವು ಮಾಟಗಾತಿಯಾದಿರಿ.

ಪಳನಿಗೆ ನಡೆದು ಹೊರಡುವ ಮುಂಚೆ ಅಮ್ಮನ ಗುಡಿಯಲ್ಲಿ ಹೂ ಕೇಳೋಣ ಎಂದು ಹಿರಿಯರು ತೀರ್ಮಾನಿಸಿದರು. ಒಂದು ಪೊಟ್ಟಣದಲ್ಲಿ ಬಿಳಿ, ಇನ್ನೊಂದರಲ್ಲಿ ಕೆಂಪು. ನೀವು ಎತ್ತಿದ್ದರಲ್ಲಿ ಬಿಳಿ ಬಂದರೆ ನಿಮ್ಮ ತಪ್ಪಿಲ್ಲ. ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಬಿಳಿ ಬಂದರೆ ಮತ್ತೆ ಗಂಜಿಯ ಮಾತು ಏಳುತ್ತದೆ – ಕೈ ತಪ್ಪಿತು ಎನ್ನಲಾರೆ, ಯೋಚಿಸಿಯೇ ಕಟ್ಟಿದೆ.

ಎತ್ತುವ ಮೊದಲು ನೀವು ನನ್ನ ಕಡೆ ನೋಡಿ, ಎಂದಿನ ಮುದ್ದಿನಲ್ಲೇ ಕರೆದಿರಿ.

"ನೀ ಕಟ್ಟಿದ್ ಪೊಟ್ಟಣ ತಾನೇ, ಕಣ್ಣು? ಅಪ್ಪೊ ನಂಗೆ ಭಯ ಇಲ್ಲ."

ಕೆಂಪು ಬಂತು.

ಆದರೂ ನೀವು ಹರಕೆ ಬಿಡಲಿಲ್ಲ, ನಡೆಯಲು ಬಂದಿರಿ. ಯಜಮಾನರು, "ಬಾ, ಬೇಡ ಅನ್ನಲ್ಲ. ನೂರಡಿ ಹಿಂದೆ ಬಾ. ನಿನ್ ನೆರಳು ಬಿದ್ರೆ ಪಳನಿ ಆಂಡಿ ಕೋವಣದ್ ನೂಲೂ ಕಿತ್ತೋಗುತ್ತೆ" ಎಂದರು. ಬರೀ ಕೌಪೀನದಲ್ಲಿ ನಿಂತ ದೇವರನ್ನು ನೆನೆದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ದಿನ ಹಾಗೇ ಬಂದಿರಿ. ನಾವು ಕಾವಡಿ ಇಳಿಸಿದಾಗ ನೀವೂ ಅಷ್ಟು ದೂರದಲ್ಲಿ ಕೂರುತ್ತಿದ್ದಿರಿ. ಮಜ್ಜಿಗೆಯ ಪಾತ್ರೆ ನನ್ನ ಕೈಯಲ್ಲೇ ಇತ್ತು. ನೂರಡಿ – ಎಷ್ಟು ಹೆಜ್ಜೆ ಅದು? ಧಾರಾಪುರದಲ್ಲಿ ಅಮರಾವತಿ ಹೊಳೆ ದಾಟುವಾಗ ಹಿಂತಿರುಗಿ ನೋಡಿದೆ. ದಾರಿ ಬರಿದಾಗಿತ್ತು.

ಸಿಂಗಾನಲ್ಲೂರಿನಲ್ಲಿ ಯಾರದೋ ಮನೆಯಲ್ಲಿ ನೂಲು ಸುತ್ತುತ್ತಿದ್ದೀರಿ ಎಂದು ಆಮೇಲೆ ತಿಳಿಯಿತು. ಬಸ್ಸಿತ್ತು. ನಾನು ಹೋಗಲಿಲ್ಲ. ನೀವು ತೀರಿಕೊಂಡ ಸುದ್ದಿ ಬಂದಾಗಲೂ –

ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಹೈಸ್ಕೂಲು ಓದಿದ್ದರಿಂದ ನನಗೆ ಈ ಅಕ್ಷರ ಬರುತ್ತದೆ. ನಮ್ಮ ಬೀದಿಯಲ್ಲಿ ಮನೆಮನೆಯ ಮಾತು ಕನ್ನಡವಾದರೂ ಶಾಲೆ ತಮಿಳಿನದು; ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ. ಇಷ್ಟು ವರ್ಷ ಇದನ್ನೇ ಮತ್ತೆ ಮತ್ತೆ ಬರೆದು ಪೆಟ್ಟಿಗೆಯಲ್ಲಿಟ್ಟೆ. ಯಾರೂ ಓದಲಾರರೆಂದು ಗೊತ್ತಿದ್ದೇ ಬರೆದೆ. ಅದೂ ಹೇಡಿತನವೇ.

ಬರುವ ತೈ ತಿಂಗಳಲ್ಲಿ ಬೀದಿ ಮತ್ತೆ ಪಳನಿಗೆ ಹೊರಡುತ್ತದೆ. ಅಮರಾವತಿಯ ದಡದಲ್ಲಿ ಕಾವಡಿ ಇಳಿಸಿದಾಗ ಈ ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದುತ್ತೇನೆ. ಅಲ್ಲಿಂದ ಮುಂದೆ ನಾನು ನೂರಡಿ ಹಿಂದೆ ನಡೆಯುತ್ತೇನೆ.